ಕಲೆ ತೆಗೆದ ಫೋಟೋ

ಫೋಟೋ ತೆಗೆಯುವವನ ಅಂಗಡಿಗೆ ಮಂದಿ ತಮ್ಮ ಮಾರಿ ಹೊತ್ತುಕೊಂಡು ಬರುತ್ತಾರೆ. ಹೋಗುವಾಗ ಬೇರೆಯವರ ಮಾರಿ ಕೇಳುತ್ತಾರೆ. ಹಿಂಗಾಗಿ ಅಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ.

ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಪ್ರೆಸ್ಸು ಇದೆ. ಅದರ ಮಾಲಕರು, 'ನಿಮ್ಮ ಅಂಗಡ್ಯಾಗ ನಡದ ನಗಿ ಪ್ರಸಂಗ ನಾಕು ಬರದು ಕೊಡ್ರಿ, ವಿಶೇಷಾಂಕಕ್ಕ ಹಾಕ್ತೇವಿ' ಅಂದರು. ನಾನು ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಬರೆಯುವುದು ನಿಧಾನ. ಇವನ್ನೆಲ್ಲ ಹೇಳುತ್ತಿದ್ದವಳು ನನ್ನ ಹೆಂಡತಿ. ಹೇಳುವ ಮೊದಲೇ ಆಕೆಗೆ ನಗು ಬರುತ್ತಿತ್ತು. ಕೇಳುವವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೂ ನಗುತ್ತಿದ್ದರು. ಆಕೆ ಹೋಗಿ ಹನ್ನೊಂದು ತಿಂಗಳಾಯಿತು. ನಾನು ಹೇಳಿದರೆ ಯಾರೂ ನಗುವುದಿಲ್ಲ. ಬರೆದರೆ ಹೇಗೋ, ನೋಡಬೇಕು.

ಬರುವ ತಿಂಗಳು ವರ್ಷದ ಪೂಜೆ. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಅವ್ವನ ಫೋಟೋ ಕೇಳಿದ್ದಾಳೆ. ಗದಗದಿಂದ ಹಿಡಿದು ಶಿರಹಟ್ಟಿ, ಮುಂಡರಗಿ ತನಕ ಗೋಡೆ ಗೋಡೆಯ ಮೇಲೆ ನಾನು ತೆಗೆದ ಫೋಟೋ ಇದಾವೆ. ನಮ್ಮ ಮನೆಯಾಕೆಯದು ಮಾತ್ರ ಇರುವುದು ಒಂದೇ ಗಾಜಿನ ಪ್ಲೇಟು, ಅಂದರೆ ನೆಗೆಟಿವ್. ಅದನ್ನೂ ಆಕೆಯೇ ಪೆನ್ಸಿಲಿನಿಂದ ತಿದ್ದಿ ಇಟ್ಟಿದ್ದಾಳೆ. ಸಣ್ಣಾಕೆ ಇದ್ದಾಗ ಸಿಡುಬು ಬಂದು ಆಕೆಯ ಮಾರಿ ತುಂಬ ಕಲೆ ಇದ್ದವು. ಪ್ಲೇಟಿನ ಮೇಲೆ ಒಂದೂ ಇಲ್ಲ. ಇದ್ದ ಹಾಗೇ ಪ್ರಿಂಟ್ ಮಾಡಿದರೆ ಅದು ಆಕೆ ಅಲ್ಲ. ಪೆನ್ಸಿಲ್ ಅಳಿಸಿದರೆ ಆಕೆಯ ಮಾತು ಮೀರಿದ ಹಾಗೆ. ಅಳಿಸುವಾಗ ಗಾಜಿನ ಮೇಲಿನ ಪದರು ಎದ್ದು ಬಂದರೆ ಇದೂ ಇಲ್ಲ, ಅದೂ ಇಲ್ಲ.

ಪ್ಲೇಟು ಮೇಜಿನ ಮೇಲೆ ಇದೆ. ಅದರ ಪಕ್ಕದಲ್ಲಿ ಕುಂತು ಇವನ್ನು ಬರೆಯುತ್ತಿದ್ದೇನೆ.

ಫೋಟೋದಾಕಿ

ಮದುವೆಗೆ ಮೊದಲು ನಾನು ಹುಡುಗಿಯನ್ನು ನೋಡಿರಲಿಲ್ಲ. ನಮ್ಮ ಅವ್ವ ಶಿಗ್ಲಿಗೆ ಹೋಗಿ ನೋಡಿ ಬಂದಳು. 'ಮಾರಿ ಮ್ಯಾಲ ಕಲಿ ಅದಾವು. ಕೈ ಮಾತ್ರ ಭಾಳ ಚೊಕ್ಕ' ಅಂದಳು. ಆಕೆ ಅಂದದ್ದು ರೊಟ್ಟಿಯ ಸಲುವಾಗಿ. ನನಗೆ ಅದು ಪೆನ್ಸಿಲಿಗೆ ಬಂತು.

ಪ್ಲೇಟಿನ ಮೇಲೆ ಎಲ್ಲ ಉಲ್ಟಾ. ಬೆಳ್ಳಗಿನದು ಕರ್ರಗೆ, ಕರ್ರಗಿನದು ಬೆಳ್ಳಗೆ. ಮಾರಿಯ ಮೇಲಿನ ಕಲೆ, ಗುಣಿ, ಗೆರೆ ಅಲ್ಲಿ ತಿಳಿಯಾಗಿ ಕಾಣುತ್ತವೆ. ಚೂಪು ಪೆನ್ಸಿಲಿನಿಂದ ಆ ಜಾಗ ತುಂಬಿದರೆ ಕಾಗದದ ಮೇಲೆ ಕಲೆ ಬೀಳುವುದಿಲ್ಲ. ನಾನು ತುಂಬಿದರೆ ಗಿರಾಕಿ ಹಿಟ್ಟಿನ ಡಬ್ಬಿಯಲ್ಲಿ ಮಾರಿ ಇಟ್ಟು ಎದ್ದ ಹಾಗೆ ಕಾಣುತ್ತಿದ್ದ. ಮದುವೆಯಾದ ಹೊಸತರಲ್ಲಿ ಆಕೆ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ, 'ಸರೀರಿ' ಅಂದಳು. ಸರಿದೆ. ಆಮೇಲೆ ನಾನು ಪೆನ್ಸಿಲ್ ಹಿಡಿಯಲಿಲ್ಲ.

ಒಮ್ಮೆ ಲಕ್ಷ್ಮೇಶ್ವರದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ವರನ ಮನೆಗೆ ಫೋಟೋ ಕಳಿಸಬೇಕು. ಆ ಹುಡುಗಿಗೂ ಸಿಡುಬಿನ ಕಲೆ. 'ಚಂದಾಗಿ ತಗೀರಿ' ಅಂದರು. ನಾನು ತೆಗೆದೆ. ನನ್ನ ಹೆಂಡತಿ ಕಿಡಕಿಯ ಬೆಳಕಿಗೆ ಎರಡು ದಿನ ಕುಂತಳು. ಅಷ್ಟು ಹೊತ್ತು ಯಾವ ಪ್ಲೇಟಿಗೂ ಕುಂತವಳಲ್ಲ. ಫೋಟೋ ಬೆಣ್ಣೆಯ ಹಾಗೆ ಬಂತು. ವರನ ಕಡೆಯವರು ನೋಡಿ ಒಪ್ಪಿ, ಹುಡುಗಿ ನೋಡಲು ಗಾಡಿ ಕಟ್ಟಿಕೊಂಡು ಬಂದರು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದಳು.

ವರನ ತಾಯಿ, 'ಈಕಿ ಅಕ್ಕ ಏನ್ರಿ? ಫೋಟೋದಾಕಿನ್ನ ಕರೀರಿ' ಅಂದಳು.

'ಈಕಿನ ರೀ ಫೋಟೋದಾಕಿ.'

'ಹಂಗಾರ ಫೋಟೋ ಯಾರದು?'

ಅವರು ಅವಲಕ್ಕಿ ತಿಂದು ಎದ್ದು ಹೋದರು. ಮರುದಿನ ತಂದೆ, ಮಗಳು ಇಬ್ಬರೂ ನನ್ನ ಅಂಗಡಿಗೆ ಬಂದರು. ತಂದೆ ಫೋಟೋ ಮೇಜಿನ ಮೇಲೆ ಒಗೆದು, 'ನಮ್ಮ ಹುಡುಗಿ ಫೋಟೋ ತಗೀರಿ ಅಂದ್ರ ಯಾ ದೇವಲೋಕದಾಕಿನ್ನ ತಗದೀರಿ?' ಅಂದರು. ನಾನು ತಲೆ ತಗ್ಗಿಸಿದೆ. ನನ್ನ ಹೆಂಡತಿ ಪೆನ್ಸಿಲ್ ಹಿಡಿದುಕೊಂಡೇ ಒಳಗಿಂದ ಬಂದು ನಿಂತಳು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದರು. ಒಂದೇ ಕೈ ಚುಕ್ಕಿ ಇಟ್ಟ ಹಾಗೆ ಎರಡು ಮಾರಿ. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು.

ಆ ಹುಡುಗಿಗೆ ಮುಂದೆ ಮುಂಡರಗಿಯಲ್ಲಿ ಒಳ್ಳೆಯ ಕಡೆ ಮದುವೆಯಾಯಿತು. ಫೋಟೋ ಕಳಿಸದೆ ಆಯಿತು. ಅಂಗಡಿಗೆ ಬಂದ ಆ ದಿನ ಮಾತ್ರ ಆ ಹುಡುಗಿಯೇ ನನ್ನ ಹೆಂಡತಿಗೆ ಸಮಾಧಾನ ಹೇಳಿದಳು.

'ಅಳಬ್ಯಾಡ್ರಿ ಅಕ್ಕಾ. ಈ ಫೋಟೋದಾಕಿನ್ನ ಕೊಟ್ಟು ಮದಿವಿ ಮಾಡ್ರಿ ಅಂತ ನಮ್ಮ ಅಪ್ಪಗ ಹೇಳ್ರಿ. ಆದರ ಮೊದಲ ಕೇಳಿಕೊಳ್ರಿ, ಆಕಿಗಿ ರೊಟ್ಟಿ ಬಡಿಯಾಕ ಬರತೈತೋ ಇಲ್ಲೋ.'

ಹೊಳಿ

ಇದು ಸಣ್ಣದು. ನಮ್ಮ ಅಂಗಡಿ ಅಂದರೆ ಮನೆಯ ಮುಂದಿನ ತಗಡಿನ ಶೆಡ್ಡು. ಬೆಳಕಿಗಾಗಿ ಎರಡು ತಗಡು ತೆಗೆದು ಬಿಳಿ ಅರಿವೆ ಕಟ್ಟಿದ್ದೆ. ಗಿರಾಕಿಯ ಹಿಂದೆ ಒಂದು ಪರದೆ. ನಾಟಕದ ಪರದೆ ಬರೆಯುವವನಿಂದ ಬರೆಸಿದ್ದು. ಅದರ ಮೇಲೆ ಒಂದು ಹೊಳೆ, ಹೊಳೆಯಲ್ಲಿ ಒಂದು ದೋಣಿ.

ಸಿಂಗಟಾಲೂರಿನ ಒಬ್ಬ ಅಂಬಿಗ ಬಂದ. ಹುಟ್ಟಿದಾಗಿನಿಂದ ತುಂಗಭದ್ರೆಯಲ್ಲಿ ಹರಗೋಲು ಹಾಕಿದವನು. ಕುರ್ಚಿಯ ಮೇಲೆ ಕೂಡಲು ಒಲ್ಲೆ ಅಂದ. ಪರದೆಯ ಮುಂದೆ ನಿಂತೇ ಬಿಟ್ಟ.

'ಇದು ಯಾ ಹೊಳಿ?'

'ಯಾವುದೂ ಅಲ್ಲೋ ಮಾರಾಯಾ. ಬರದದ್ದು.'

'ಬರದದ್ದಾದ್ರೂ ನೀರು ಎತ್ತಾಗ ಹರೀತೈತಿ? ತಿಳೀದ ಬೆನ್ನ ಕೊಟ್ಟು ಕುಂಡ್ರಂಗಿಲ್ಲ ನಾ.'

ಒಳಗಿಂದ ನನ್ನ ಹೆಂಡತಿ, 'ನಿಮ್ಮೂರ ಕಡಿಂದನ ಹರದು ಬರತೈತಿ, ಕುಂಡ್ರು ಅಣ್ಣಾ' ಅಂದಳು.

ಕುಂತ. ಫೋಟೋ ಆಯಿತು. ಏಳುವಾಗ ದೋಣಿಯನ್ನು ಇನ್ನೊಮ್ಮೆ ನೋಡಿ ಅಂದ: 'ಮೊದಲ ಹೇಳಬಾರದೇನವಾ? ಮೋಟಾರಿನ್ಯಾಗ ಬಂದು ಕುಲಕಾಡಿ ಸತ್ತೆ.'

ರಾಜರ ಫೋಟೋ

ಗದಗ ಆಗ ಇಂಗ್ಲಿಷರದು. ಶಿರಹಟ್ಟಿ ಸಂಸ್ಥಾನದ್ದು. ಹದಿನೈದು ಮೈಲಿ ಹೋದರೆ ಬೇರೆ ರಾಜರ ಸೀಮೆ. ಅಲ್ಲಿಯ ಒಂದು ಶಾಲೆಗೆ ನಾನು ರಾಜರ ದೊಡ್ಡ ಫೋಟೋಕ್ಕೆ ಕಟ್ಟು ಹಾಕಿ, ಗೋಡೆಗೆ ಮೊಳೆ ಹೊಡೆದು ಬಂದಿದ್ದೆ. ಅದು ಹಳೆಯ ಮಾತು.

ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಹೋದವು. ನಾವು ಯಾರ ಕೈಯೊಳಗೆ ಇದ್ದೇವೆ ಅನ್ನುವುದು ನಮಗೇ ಸರಿಯಾಗಿ ತಿಳಿಯದ ದಿನಗಳು. ಅಂಥದರಲ್ಲಿ ಆ ಶಾಲೆಯ ಹೆಡ್ ಮಾಸ್ತರರ ಕಾರ್ಡು ಬಂತು. 'ಶಾಲೆಯಲ್ಲಿ ರಾಜರ ಫೋಟೋ ತೆಗೆಯುವುದಿದೆ. ಬೇರೆಯವರಿಂದ ಆಗದು. ನೀವೇ ಬರಬೇಕು.'

ನಾನು ಮೂರು ಸಲ ಓದಿದೆ. ಓಣಿಯವರಿಗೆಲ್ಲ ಓದಿ ಹೇಳಿದೆ. ಪಕ್ಕದ ಮನೆಯ ಸಿಂಪಿಗನ ಕಡೆ ಒಂದು ಕೋಟು ತಂದೆ. ನನ್ನ ಹೆಂಡತಿ ತಂಬಿಗೆಯಲ್ಲಿ ಕೆಂಡ ತುಂಬಿ ಅದಕ್ಕೆ ಇಸ್ತ್ರಿ ಮಾಡಿದಳು. ರಾಜರ ಕಾಲಿಗೆ ಅಂತ ಮದುವೆಯ ಜಮಖಾನೆ ಕೊಟ್ಟಳು. 'ರಾಜರಿಗೆ ಅಲ್ಲಾಡಬ್ಯಾಡ್ರಿ ಅಂತ ಹೆಂಗ ಹೇಳ್ತೀರಿ?' ಅಂದಳು. ನನಗೆ ದಾರಿಯುದ್ದಕ್ಕೂ ಅದೇ ಚಿಂತೆ.

ಶಾಲೆಗೆ ಹೋದೆ. ಕ್ಯಾಮೆರಾ ಇಳಿಸಿದೆ. ಜಮಖಾನೆ ಹಾಸಿದೆ. 'ರಾಜರು ಎಲ್ಲೆದಾರ್ರಿ?' ಅಂದೆ.

ಹೆಡ್ ಮಾಸ್ತರರು ಮೇಲೆ ಬೆರಳು ಮಾಡಿದರು. 'ಅಲ್ಲೆದಾರ. ಸಂಸ್ಥಾನ ಹೋತಲ್ರಿ, ಫೋಟೋ ತಗೀರಿ ಅಂತ ಹೇಳ್ಯಾರ. ಯಾರು ಜಗ್ಗಿದ್ರೂ ಬರವಲ್ದು. ಹೊಡದಾವರು ನೀವು. ನೀವ ತಗೀಬೇಕು.'

ನಿಚ್ಚಣಿಕೆ ತಂದು ಹಚ್ಚಿದರು. ಹತ್ತಿದೆ. ಸಿಂಪಿಗನ ಕೋಟಿನ ಬಗಲು ಹರಿಯಿತು.

ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ. ನನ್ನ ಹೆಂಡತಿ ಓಡಿ ಬಂದಳು.

'ರಾಜರ ಫೋಟೋ ತಗದ್ರಿ?'

'ತಗದೆ.'

'ಹೆಂಗ ಬಂತು?'

'ಮೊಳಿ ಸಮೇತ ಬಂತು.'

ಅಲ್ಲಾಡಬ್ಯಾಡ್ರಿ

ಮುಂಡರಗಿಯ ಹತ್ತಿರದ ಹಳ್ಳಿಯೊಂದರಿಂದ ಕರೆ ಬಂತು. ದೊಡ್ಡ ಮನೆತನದ ಅಜ್ಜ ತೀರಿದ್ದ. ಬದುಕಿದ್ದಾಗ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆ ಆಗುತ್ತದೆ ಅಂತ ಒಂದೂ ತೆಗೆಸಿರಲಿಲ್ಲ. ಈಗ ಆ ಹೆದರಿಕೆ ಇಲ್ಲ.

ಆ ಮನೆಯವರ ಪದ್ಧತಿಯಂತೆ ಅಜ್ಜನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ ಗೋಡೆಗೆ ಆನಿಸಿ ಕೂಡಿಸಿದ್ದರು. ಎರಡೂ ಕಡೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಪಕ್ಕದಲ್ಲಿ ಅಜ್ಜಿ. ನಾನು ಕರೀ ಅರಿವೆಯೊಳಗೆ ತಲೆ ಹಾಕಿದೆ. ಒಳಗೆ ತಲೆ ಹಾಕಿದರೆ ನನಗೆ ಲೋಕ ಇಲ್ಲ. ರೂಢಿಯ ಮಾತು ತಾನೇ ಬಾಯಿಗೆ ಬಂತು.

'ಅಜ್ಜಾರ, ಚೂರು ಗದ್ದ ಎತ್ತರಿ. ಹಾಂ. ಉಸುರು ಬಿಗಿ ಹಿಡೀರಿ. ಅಲ್ಲಾಡಬ್ಯಾಡ್ರಿ.'

ಒಬ್ಬ ಮೊಮ್ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುವವರು ಯಾರು, ನಗುವವರು ಯಾರು, ನನಗೆ ತಿಳಿಯಲಿಲ್ಲ. ಪ್ಲೇಟು ಆಗಲೇ ತೆರೆದಿದ್ದೆ. ತೆಗೆದುಬಿಟ್ಟೆ.

ಮನೆಗೆ ಬಂದು ತೊಳೆದು ನೋಡಿದರೆ ಎಲ್ಲರೂ ಅಲ್ಲಾಡಿದ್ದರು. ಮಕ್ಕಳು, ಸೊಸೆಯರು ಎಲ್ಲ ಮಂಜು ಮಂಜು. ಅಜ್ಜ ಒಬ್ಬನ ಮಾರಿ ಮಾತ್ರ ಕೆತ್ತಿದ ಹಾಗೆ. ಬದುಕಿದ್ದವನು ಅವನೊಬ್ಬನೇ ಅನ್ನಬೇಕು, ಹಂಗೆ ಬಂದಿತ್ತು. ಹೆದರಿಕೊಂಡೇ ಒಯ್ದು ಕೊಟ್ಟೆ. ಅಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಭಾಳ ಹೊತ್ತು ನೋಡಿದಳು. ಆಮೇಲೆ ಅಂದಳು:

'ಐವತ್ತು ವರ್ಷ ನಾ ಹೇಳಿದ್ದು ಒಂದು ಮಾತು ಕೇಳಲಿಲ್ಲ ಈ ಮನಶ್ಯಾ. ನಿನ್ನ ಮಾತು ಮಾತ್ರ ಕೇಳ್ಯಾನ ನೋಡಪಾ.'

ಆಗ ನಕ್ಕಿದ್ದೆ. ಹನ್ನೊಂದು ತಿಂಗಳ ಹಿಂದೆ ನಮ್ಮ ಮನೆಯ ಗೋಡೆಗೂ ನನ್ನ ಹೆಂಡತಿಯನ್ನು ಆನಿಸಿ ಕೂಡಿಸಿದರು. ಗದಗದ ಇನ್ನೊಬ್ಬ ಫೋಟೋದವನು ತಾನೇ ಕ್ಯಾಮೆರಾ ತಂದು ಬಾಗಿಲಲ್ಲಿ ನಿಂತ. ಒಳ್ಳೆಯ ಮನುಷ್ಯ. ಬೇಡ ಅಂದೆ. ಆಕೆ ಅಷ್ಟು ಗಪ್ಪ ಕೂಡುವವಳಲ್ಲ.

ಏಕೀಕರಣ

ಕನ್ನಡ ನಾಡು ಒಂದಾದ ದಿನ ಗದಗದ ಬಯಲಿನಲ್ಲಿ ಗುಂಪು ಫೋಟೋ ಅಂತ ಠರಾಯಿಸಿದರು. ಸುತ್ತಲಿನ ಊರುಗಳ ಮುಖಂಡರೆಲ್ಲ ಬಂದರು. ಕುರ್ಚಿ ಹನ್ನೆರಡು. ಮುಖಂಡರು ಎಷ್ಟೋ.

ಗದಗ-ಬೆಟಗೇರಿಯವರು, 'ಬಯಲು ನಮ್ಮದು, ನಡುವ ನಾವು' ಅಂದರು. ಲಕ್ಷ್ಮೇಶ್ವರದವರು, 'ಕರದು ಅಪಮಾನ ಮಾಡ್ತೀರೇನು?' ಅಂದರು. ಶಿರಹಟ್ಟಿಯವರು ನೆಲದ ಮೇಲೆ ಕೂಡಲು ಒಲ್ಲೆವು ಅಂದರು. ನಾನು ಅರಿವೆಯೊಳಗಿಂದ 'ಒಂದಾಗ್ರಿ, ಹತ್ತರ ಸರೀರಿ, ಒಂದಾಗ್ರಿ' ಅಂತ ಒದರಿ ಒದರಿ ಗಂಟಲು ಹರಿದುಕೊಂಡೆ. ಬಿಸಿಲು ಏರಿತು. ಕಡೆಗೆ ಮೂರು ಗುಂಪು ಮಾಡಿ ಮೂರು ಫೋಟೋ ತೆಗೆದೆ.

ಮರುದಿನ ಮುಖಂಡರಿಗೆ ನಾಚಿಕೆ ಬಂತು. 'ಮೂರನ್ನೂ ಸೇರಿಸಿ ಒಂದು ಮಾಡಿ ಕೊಡ್ರಿ' ಅಂದರು. ನನ್ನ ಹೆಂಡತಿಗೆ ಆಗಲೇ ಕೆಮ್ಮು ಹತ್ತಿತ್ತು. ಆದರೂ ಕತ್ತರಿ, ಅಂಟು ಹಿಡಿದು ಕುಂತಳು. ಗೆರೆ ಕಾಣದ ಹಾಗೆ ಹಚ್ಚಿದಳು. ಹಚ್ಚಿ ಮುಗಿಸಿ ನನ್ನನ್ನು ಕರೆದಳು. ಮುಂಡರಗಿಯಿಂದ ಬಂದವನು ಒಬ್ಬನೇ ಒಬ್ಬ. ಅವನಿಗೆ ಗುಂಪು ಇರಲಿಲ್ಲ. ಹಿಂಗಾಗಿ ಮೂರರಲ್ಲೂ ಹೋಗಿ ನಿಂತಿದ್ದ. ಕೂಡಿಸಿದ ಫೋಟೋದಲ್ಲಿ ಆ ತುದಿಗೆ ಅವನೇ, ನಡುವೆ ಅವನೇ, ಈ ತುದಿಗೆ ಅವನೇ.

ಆಕೆ ಕೆಮ್ಮುತ್ತ, ನಗುತ್ತ ಅಂದಳು: 'ಇಷ್ಟು ಮಂದ್ಯಾಗ ಖರೆ ಏಕೀಕರಣ ಮಾಡಿದಾಂವ ಇಂವೊಬ್ಬನ ನೋಡ್ರಿ.'

ಕದ್ದು ತೆಗೆದದ್ದು

ಇಲ್ಲಿಯ ತನಕ ಬರೆದು ಒಂದು ವಾರ ಬಿಟ್ಟಿದ್ದೆ.

ಆಕೆಯ ಪ್ಲೇಟು ಸ್ವಾತಂತ್ರ್ಯ ಬಂದ ವಾರದ್ದು. ಆಗ ಅಂಗಡಿಯಲ್ಲಿ ಪುರುಸೊತ್ತಿಲ್ಲ. ಯಾರು ಬಂದರೂ ಧ್ವಜ ಹಿಡಿದು ನಿಲ್ಲುವವರೇ. ಪ್ಲೇಟು ತೀರಿದವು. ಮೂಲೆ ಒಡೆದದ್ದು ಒಂದು ಉಳಿಯಿತು. ಅದನ್ನು ಗಿರಾಕಿಗೆ ಹಾಕುವ ಹಾಗಿಲ್ಲ.

ಆಕೆ ಎಂದೂ ಫೋಟೋಕ್ಕೆ ಕುಂತವಳಲ್ಲ. 'ಮಂದಿ ಕಲಿ ತಗಿಯಾಕಿ ನಾ. ನನ್ನ ಕಲಿ ಯಾರು ತಗೀತಾರ?' ಅನ್ನುತ್ತಿದ್ದಳು. ಬೆಳಕು ಸರಿ ಇದೆಯೋ ನೋಡಲು ಮಾತ್ರ ಗಿರಾಕಿಯ ಕುರ್ಚಿಯ ಮೇಲೆ ಬಂದು ಕೂಡುತ್ತಿದ್ದಳು. ಆ ದಿನ 'ಬೆಳಕು ನೋಡಬೇಕು, ಬಾ' ಅಂದು ಕೂಡಿಸಿದೆ. ಒಡಕು ಪ್ಲೇಟು ಹಾಕಿ ಕದ್ದು ತೆಗೆದೆ. ತೊಳೆಯುವಾಗ ಕೆಂಪು ದೀಪದ ಬೆಳಕಿನಲ್ಲಿ ಆಕೆಗೆ ತನ್ನ ಮಾರಿ ಕಂಡಿತು. ಬಯ್ಯಲಿಲ್ಲ. ಮರುದಿನ ಪೆನ್ಸಿಲ್ ಹಿಡಿದು ಕುಂತಳು. ಸಂಜೆ ನನ್ನ ಕೈಗೆ ಕೊಟ್ಟು, 'ಈಗ ಚಂದಾಗೇತಿ. ಹಿಂಗ ಇರಲಿ. ಯಾರಿಗಿ ಬೇಕಾದ್ರೂ ತೋರಸ್ರಿ' ಅಂದಳು. ನನಗೆ ಸಿಟ್ಟು ಬಂದಿತ್ತು. ಯಾರಿಗೂ ತೋರಿಸಲಿಲ್ಲ.

ನಿನ್ನೆ ಮುಂಜಾನೆಯ ಮೋಟಾರಿಗೆ ಮಗಳು ಬಂದಳು. ತಿದ್ದಿದ ಪ್ಲೇಟಿನಿಂದಲೇ ಒಂದು ಪ್ರಿಂಟ್ ಮಾಡಿ ಇಟ್ಟಿದ್ದೆ. ನೋಡಿದಳು. 'ಚಂದೈತಿ, ಅಪ್ಪಾ' ಅಂದಳು. ಬೋರಲು ಹಾಕಿ ಇಟ್ಟಳು.

'ಯಾಕವಾ?'

'ಏನಿಲ್ಲ. ನಿಮ್ಮ ಮೊಮ್ಮಗಳು ಅಜ್ಜಿ ಗಲ್ಲದ ಗುಣಿಯೊಳಗ ಬೆರಳ ಇಟಗೊಂಡು ಮಲಗತಿದ್ಲು. ಇದರಾಗ ಬೆರಳ ಇಡಾಕ ಜಾಗಾನ ಇಲ್ಲ.'

ನಾನು ಎದ್ದು ಟರ್ಪೆಂಟೈನ್ ಸೀಸೆ ತಂದೆ. ಅರಳೆ ಅದ್ದಿದೆ. ಮಗಳು ಪ್ಲೇಟನ್ನು ಬೆಳಕಿಗೆ ಎತ್ತಿ ಹಿಡಿದಳು. ಮೊದಲು ಹಣೆ ಒರೆಸಿದೆ. ಪದರು ಏಳಲಿಲ್ಲ. ಗಲ್ಲ ಒರೆಸಿದೆ. ಒಂದೊಂದೇ ಕಲೆ ಬಂದವು, ನನಗೆ ಗೊತ್ತಿದ್ದ ಜಾಗದಲ್ಲೇ ಬಂದವು. ಕಡೆಗೆ ಬಾಯಿಯ ಎರಡೂ ಕಡೆ ಒರೆಸಿದೆ. ಅಲ್ಲಿ ಗೆರೆ ಎದ್ದವು. ಕಣ್ಣಿನ ಪಕ್ಕದಲ್ಲೂ ಎದ್ದವು. ಅವು ಸಿಡುಬಿನವಲ್ಲ. ಇವೇನು ಅಂತ ತಿಳಿಯಲಿಲ್ಲ.

ಪ್ಲೇಟಿಗೆ ಕಾಗದ ಹಚ್ಚಿ ಅಂಗಳದ ಬಿಸಿಲಿಗೆ ಇಟ್ಟೆವು. ತೆಗೆದು ನೋಡಿದರೆ ಆಕೆ ನಗುತ್ತಿದ್ದಳು. ತುಟಿ ಬಿಗಿ ಹಿಡಿದು, ನಗು ತಡೆದುಕೊಂಡು, ಒಂದಿಷ್ಟೂ ಅಲ್ಲಾಡದೆ, ನೆಟ್ಟಗೆ ನನ್ನ ಕಡೆ ನೋಡುತ್ತ ಕುಂತಿದ್ದಳು. ಕಲೆಯ ಸಂಗಡ ಆ ನಗುವನ್ನೂ ಆಕೆ ಪೆನ್ಸಿಲಿನಿಂದ ತುಂಬಿಬಿಟ್ಟಿದ್ದಳು.

ಮಗಳು ಫೋಟೋ ನೋಡಿದಳು. ನನ್ನನ್ನು ನೋಡಿದಳು.

'ಅಪ್ಪಾ, ಅವ್ವಗ ಗೊತ್ತಾಗದಂಗ ಕದ್ದು ತಗದೇನಿ ಅಂತಿದ್ರಿ.'

'ಹೌದವಾ.'

'ಈ ದೊಡ್ಡ ಕ್ಯಾಮೆರಾ ಡಬ್ಬಿಲೇ?'

'ಮತ್ತ ಯಾವುದಿತ್ತು ನನ್ನ ಕಡೆ.'

'ಮುಂದಿನ ಮುಚ್ಚಳ ತಗದ್ರಿ?'

'ತಗೀದ ಫೋಟೋ ಹೆಂಗ ಬರತೈತಿ?'

'ಆಕಿ ಮಾರಿ ಮುಂದ ನಿಂತು ತಗದ್ರಿ.'

ಹತ್ತು ವರ್ಷದಿಂದ ನನಗೆ ಇದು ಹೊಳೆದಿರಲಿಲ್ಲ.

'ಮುಚ್ಚಳ ತಗದು ಎಷ್ಟು ಎಣಿಸಬೇಕು?'

'ನಾಕು.'

'ಮನಸಿನ್ಯಾಗ ಎಣಿಸಿದ್ರಿ, ಹೌದಲ್ಲೋ?'

ಮಗಳ ಬಾಯಿಯ ಎರಡೂ ಕಡೆ ಅವೇ ಗೆರೆ ಎದ್ದಿದ್ದವು.

'ಇಲ್ಲವಾ' ಅಂದೆ. 'ಒದರಿ ಎಣಿಸಿದೆ.'